ಡಿಎಸ್ಎಲ್ಆರ್ ವಿಡಿಯೊ: ಧ್ವನಿ, ಫೋಕಸ್ ಎರಡೂ ನನ್ನ ಕೈಗೆ ಬಂದ ಬಗೆ

ಫೋಟೊ ತೆಗೆಯಲೆಂದೇ ಕೊಂಡಿದ್ದ ಡಿಎಸ್ಎಲ್ಆರ್ ಕ್ಯಾಮೆರಾದಲ್ಲಿ ನಾನು ಮನಸ್ಸಿಟ್ಟು ಮಾಡಿದ ಮೊದಲ ವಿಡಿಯೊ ನಿವೃತ್ತ ಮೇಷ್ಟ್ರೊಬ್ಬರ ಸಂದರ್ಶನ. ಸುಮಾರು 20 ನಿಮಿಷ ಮಾತಾಡಿದ್ದರು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ರಾತ್ರಿ ಕಂಪ್ಯೂಟರಿಗೆ ಹಾಕಿ, ಹೆಡ್‌ಫೋನ್ ಹಾಕಿಕೊಂಡು ಕೂತಾಗ ತುಂಬ ಸಂಕಟವಾಯಿತು. ಮೇಷ್ಟ್ರು ಪ್ರತಿ ಮಾತಿಗೂ ಮುಂಚೆ ಎರಡು ಕ್ಷಣ ಸುಮ್ಮನಿದ್ದು ಯೋಚಿಸುವವರು. ಆ ಮೌನದಲ್ಲಿ ಫ್ಯಾನಿನ ಸದ್ದು ಮೆಲ್ಲಗೆ ಏರುತ್ತ ಹೋಗಿ, ಅವರು ಬಾಯಿ ತೆರೆದ ಕೂಡಲೇ ಥಟ್ಟನೆ ಇಳಿಯುತ್ತಿತ್ತು. ಅವರು ಸ್ವಲ್ಪ ಮುಂದಕ್ಕೆ ಬಾಗಿದರೆ ಸಾಕು, ಮುಖ ಮಸುಕಾಗಿ ಬೆನ್ನ ಹಿಂದಿನ ಪುಸ್ತಕದ ಕಪಾಟು ಸ್ಪಷ್ಟವಾಗುತ್ತಿತ್ತು. ಕ್ಯಾಮೆರಾ ತಡಕಾಡಿ ಮುಖಕ್ಕೆ ಮರಳುವಷ್ಟರಲ್ಲಿ ಅವರು ಮತ್ತೆ ಕುರ್ಚಿಗೆ ಒರಗಿರುತ್ತಿದ್ದರು. ಹಾಗೆ ತಡಕಾಡುವಾಗ ಲೆನ್ಸಿನ ಮೋಟಾರ್ ಮಾಡಿದ ಕಿರಕಿರ ಸದ್ದೂ ಮಾತಿನ ನಡುವೆ ಸೇರಿಕೊಂಡಿತ್ತು.

ಅದೇ ತುಣುಕನ್ನು ನಾಲ್ಕೈದು ಸಲ ನೋಡಿದ ಮೇಲೆ ಹೊಳೆಯಿತು, ಎರಡೂ ಒಂದೇ ಕಾಯಿಲೆ. ಯಾವುದು ಮುಖ್ಯ ಎಂಬುದನ್ನು ನಾನು ಕ್ಯಾಮೆರಾಕ್ಕೆ ಬಿಟ್ಟಿದ್ದೆ. ಆಟೋ ಲೆವೆಲ್‌ಗೆ ಮಾತು, ಫ್ಯಾನು ಎಂಬ ಭೇದವಿಲ್ಲ. ಸದ್ದು ಕಡಿಮೆಯಾದರೆ ಏರಿಸುವುದು, ಹೆಚ್ಚಾದರೆ ಇಳಿಸುವುದು ಅಷ್ಟೇ ಅದರ ಕೆಲಸ. ಫೋಕಸ್ಸಿನದೂ ಹಾಗೆಯೇ. ಫೋಟೊ ತೆಗೆಯುವಾಗ ಚುರುಕಾಗಿ ಫೋಕಸ್ ಮಾಡುವ ಸೆನ್ಸರ್‌ಗೆ ಬೆಳಕು ಹೋಗುವುದು ಕ್ಯಾಮೆರಾದೊಳಗಿನ ಕನ್ನಡಿಯ ಮೂಲಕ. ವಿಡಿಯೊ ಮಾಡುವಾಗ ಆ ಕನ್ನಡಿ ಮೇಲೆದ್ದೇ ಇರುತ್ತದೆ. ಆಗ ಕ್ಯಾಮೆರಾ ಚಿತ್ರದ ಸ್ಪಷ್ಟತೆಯನ್ನೇ ಅಳೆದು ನೋಡಬೇಕು. ಸರಿಯಾದ ಜಾಗವನ್ನು ದಾಟಿ ಹೋಗಿ, ಮತ್ತೆ ಹಿಂದಕ್ಕೆ ಬಂದರೆ ಮಾತ್ರ ಅದೇ ಸರಿಯಾದ ಜಾಗ ಎಂದು ಅದಕ್ಕೆ ಗೊತ್ತಾಗುತ್ತದೆ. 2013ರಲ್ಲಿ ಕ್ಯಾನನ್ 70ಡಿ ಕ್ಯಾಮೆರಾದೊಂದಿಗೆ ಬಂದ, ಚಿತ್ರ ಹಿಡಿಯುವ ಸೆನ್ಸರಿನಲ್ಲೇ ಫೋಕಸ್ ಅಳೆಯುವ ಡ್ಯುಯಲ್ ಪಿಕ್ಸೆಲ್ ಆಟೋಫೋಕಸ್ ಈ ತೊಂದರೆಯನ್ನು ಬಹಳಷ್ಟು ನೀಗಿಸಿತು. ನನ್ನ ಕ್ಯಾಮೆರಾದಲ್ಲಿ ಅದಿಲ್ಲ. ಹಾಗಾಗಿ ಎರಡು ಆಟೋಗಳನ್ನೂ ಬಂದ್ ಮಾಡಿದೆ.

ಮೊದಲು ಧ್ವನಿ. ಕ್ಯಾಮೆರಾದ ತಲೆಯ ಮೇಲೆ ಕೂರಿಸುವ ಮೈಕ್ ತಂದೆ. ಮೋಟಾರ್ ಸದ್ದು ತಗ್ಗಿತು, ಆದರೆ ಕೋಣೆಯ ಗುಂಯ್‌ಗುಡುವಿಕೆ ಇದ್ದ ಹಾಗೇ ಇತ್ತು. ಮೈಕ್ ಬದಲಾಗಿತ್ತೇ ಹೊರತು ಜಾಗ ಬದಲಾಗಿರಲಿಲ್ಲ, ಬಾಯಿಂದ ಒಂದೂವರೆ ಮೀಟರ್ ದೂರದಲ್ಲೇ ಇತ್ತು. ಮೈಕ್ ಮತ್ತು ಬಾಯಿಯ ನಡುವಿನ ದೂರವನ್ನು ಅರ್ಧಕ್ಕೆ ಇಳಿಸಿದರೆ ಬಾಯಿಂದ ನೇರವಾಗಿ ಬರುವ ದನಿ 6 ಡೆಸಿಬಲ್ ಏರುತ್ತದೆ. ಗೋಡೆಗೆ ಬಡಿದು ಬರುವ ದನಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ನನ್ನ ಮಟ್ಟಿಗೆ ಇಡೀ ಧ್ವನಿಗ್ರಹಣದಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ. ಬಾಯಿಯ ಹತ್ತಿರ ಇಟ್ಟ ಸಾಧಾರಣ ಮೈಕ್, ದೂರದಲ್ಲಿಟ್ಟ ಉತ್ತಮ ಮೈಕ್‌ಗಿಂತ ಚೆನ್ನಾಗಿ ಕೇಳಿಸುತ್ತದೆ.

ಹಾಗಾಗಿ ಕಾಲರ್ ಮೈಕ್‌ಗೆ ಬಂದೆ. ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ ಸಿಕ್ಕಿಸುತ್ತೇನೆ. ತೀರಾ ಗಲ್ಲದ ಕೆಳಗಿಟ್ಟರೆ ದನಿ ಮಂಕಾಗುತ್ತದೆ, ತಲೆ ತಿರುಗಿಸಿದಾಗ ಏರುಪೇರೂ ಆಗುತ್ತದೆ. ಮೈಕಿನ ಕೆಳಗೆ ವೈರನ್ನು ಒಂದು ಸುತ್ತು ಸುತ್ತಿ ಬಟ್ಟೆಯ ಒಳಬದಿಗೆ ಟೇಪ್ ಹಚ್ಚುತ್ತೇನೆ. ವೈರ್ ಎಳೆದಾಡಿದರೂ ಆ ಸುತ್ತು ತಡೆದುಕೊಳ್ಳುತ್ತದೆ, ಟಕಟಕ ಸದ್ದು ಮೈಕ್‌ಗೆ ಹೋಗುವುದಿಲ್ಲ. ಗರಿಗರಿ ಬಟ್ಟೆ ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ.

ಲೆವೆಲ್ ಮ್ಯಾನ್ಯುವಲ್‌ನಲ್ಲಿಟ್ಟು, ಜೋರಾಗಿ ಮಾತಾಡಿದಾಗ ಧ್ವನಿಮಟ್ಟ ತೋರಿಸುವ ಮೀಟರ್ ಮೈನಸ್ 12 ಡೆಸಿಬಲ್ಲಿನ ಆಸುಪಾಸಿಗೆ ಬರುವಂತೆ ನೋಡಿಕೊಳ್ಳುತ್ತೇನೆ. ಮೀಟರಿನ ತುತ್ತತುದಿಯಾದ ಸೊನ್ನೆ ಮುಟ್ಟಿ ಒಡೆದ ದನಿಯನ್ನು ಎಡಿಟಿಂಗ್‌ನಲ್ಲಿ ಮೊದಲಿನಂತೆ ಮಾಡಲು ಬರುವುದಿಲ್ಲ, ನಗು ಬಂದಾಗಲೇ ಅದು ಆಗುವುದು ಹೆಚ್ಚು. ಹಾಗೆಂದು ಕ್ಯಾಮೆರಾದ ಲೆವೆಲ್ಲನ್ನೇ ಏರಿಸುತ್ತ ಹೋದರೆ ಸುಯ್ ಎನ್ನುವ ಸದ್ದು ಕೂಡ ಏರುತ್ತದೆ, ಅದರೊಳಗಿನ ಆಂಪ್ಲಿಫೈಯರ್ ಅಷ್ಟು ದುರ್ಬಲ. ಕೊನೆಗೆ ಕಾಲರ್ ಮೈಕನ್ನು ಜೇಬಿನಲ್ಲಿಡುವ ಚಿಕ್ಕ ರೆಕಾರ್ಡರಿಗೆ ಸಿಕ್ಕಿಸಿ, 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಬೇರೆಯಾಗಿಯೇ ರೆಕಾರ್ಡ್ ಮಾಡತೊಡಗಿದೆ. ಕ್ಯಾಮೆರಾದ ಧ್ವನಿ ಈಗ ಬರೀ ಗುರುತಿಗೆ, ರೆಕಾರ್ಡರಿನ ಧ್ವನಿಯನ್ನು ಚಿತ್ರಕ್ಕೆ ಹೊಂದಿಸಲು.

ಆರಂಭದಲ್ಲಿ ಕ್ಯಾಮೆರಾದ ಎದುರು ಒಂದು ಚಪ್ಪಾಳೆ, ಕೊನೆಯಲ್ಲಿ ಇನ್ನೊಂದು. ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಉದ್ದದ ರೆಕಾರ್ಡಿಂಗ್‌ನಲ್ಲಿ ತುಟಿ ಮತ್ತು ಮಾತು ಮೆಲ್ಲಗೆ ದೂರವಾಗುತ್ತವೆ. ಎಷ್ಟು ಸರಿದಿದೆ ಎಂದು ಎರಡನೆಯ ಚಪ್ಪಾಳೆ ತೋರಿಸುತ್ತದೆ. ಹೊಂದಿಸುವಾಗ ಅಂಗೈಗಳು ಕೂಡಿದ ಫ್ರೇಮನ್ನೇ ನೋಡಿ. ಕ್ಯಾಮೆರಾ ಏಳು ಮೀಟರ್ ದೂರದಲ್ಲಿದ್ದರೆ ಅದರ ಮೈಕ್‌ಗೆ ಸದ್ದು ತಲುಪುವಾಗಲೇ 20 ಮಿಲಿಸೆಕೆಂಡ್ ತಡವಾಗಿರುತ್ತದೆ, ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಅದು ಅರ್ಧ ಫ್ರೇಮ್.

ಫೋಕಸ್ಸಿಗೆ ಬಂದರೆ, ನಾನು 50 ಎಂಎಂ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/1.8ಕ್ಕೆ, ಅಂದರೆ ತುಂಬ ಅಗಲಕ್ಕೆ, ತೆರೆದಿಟ್ಟುಕೊಂಡು ಕೂತಿದ್ದೆ. ಹಿನ್ನೆಲೆ ಕರಗಿ ಚೆಂದ ಕಾಣುತ್ತದಲ್ಲ, ಅದಕ್ಕೆ. ಆದರೆ ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನಲ್ಲಿ, ಒಂದೂವರೆ ಮೀಟರ್ ದೂರದಲ್ಲಿ ಕೂತವರಿಗೆ ಆಗ ಸ್ಪಷ್ಟವಾಗಿ ಸಿಗುವ ಆಳ ಸುಮಾರು 6 ಸೆಂಟಿಮೀಟರ್. ಮಾತಿನ ಭರದಲ್ಲಿ ಮನುಷ್ಯ ಅದಕ್ಕಿಂತ ಹೆಚ್ಚು ಅಲುಗಾಡುತ್ತಾನೆ. ಕಿಂಡಿಯನ್ನು ಎಫ್/5.6ಕ್ಕೆ ಕಿರಿದು ಮಾಡಿದರೆ ಆ ಆಳ 19 ಸೆಂಟಿಮೀಟರಿನಷ್ಟಾಗುತ್ತದೆ. ಆದರೆ ಚಲನೆ ಸಹಜವಾಗಿ ಕಾಣಲು ಶಟರ್ ಸೆಕೆಂಡಿನ 1/50ರಲ್ಲೇ ಇರಬೇಕಾದ್ದರಿಂದ ಬೆಳಕು ಸಾಲುವುದಿಲ್ಲ. ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದೆ, ಬೆಳಕಿಗೆ ಸೆನ್ಸರಿನ ಸ್ಪಂದನೆ ಹೆಚ್ಚಿಸುವ ಐಎಸ್ಒ ಸ್ವಲ್ಪ ಏರಿಸಿದೆ.

ಫ್ರೇಮ್ ಗಟ್ಟಿಯಾದ ಮೇಲೆ ಲೈವ್ ವ್ಯೂನಲ್ಲಿ, ಅಂದರೆ ಹಿಂಬದಿಯ ಪರದೆಯಲ್ಲಿ ಕಾಣುವ ನೇರ ಚಿತ್ರದಲ್ಲಿ, ಚಿತ್ರವನ್ನು 10 ಪಟ್ಟು ಹಿಗ್ಗಿಸಿ, ಕ್ಯಾಮೆರಾಕ್ಕೆ ಹತ್ತಿರದ ಕಣ್ಣನ್ನು ನೋಡುತ್ತೇನೆ. ರೆಪ್ಪೆಯ ಕೂದಲು ಒಂದೊಂದಾಗಿ ಬಿಡಿಸಿಕೊಳ್ಳುವವರೆಗೆ ರಿಂಗ್ ತಿರುಗಿಸುತ್ತೇನೆ. ಲೆನ್ಸಿನ ಸ್ವಿಚ್ ಎಂಎಫ್ (ಮ್ಯಾನ್ಯುವಲ್ ಫೋಕಸ್)ನಲ್ಲಿರಬೇಕು, ಇಲ್ಲದಿದ್ದರೆ ಬಟನ್ ಒತ್ತಿದಾಗ ಮತ್ತೆ ಹುಡುಕಾಟ ಶುರುವಾಗಬಹುದು. ಜೂಮ್ ಲೆನ್ಸ್ ಆದರೆ ಫೋಕಸ್ ಆದ ಮೇಲೆ ಜೂಮ್ ಮುಟ್ಟಬೇಡಿ, ಫೋಟೊಗಾಗಿ ಮಾಡಿದ ಬಹುತೇಕ ಜೂಮ್‌ಗಳಲ್ಲಿ ಫೋಕಸ್ ಸರಿಯುತ್ತದೆ. ನಾನೇ ಕ್ಯಾಮೆರಾ ಎದುರು ಕೂರುವುದಿದ್ದರೆ ನನ್ನ ತಲೆ ಬರುವ ಜಾಗದಲ್ಲೇ ಸ್ಟ್ಯಾಂಡ್ ನಿಲ್ಲಿಸಿ, ಅದಕ್ಕೆ ಸುದ್ದಿಪತ್ರಿಕೆಯ ಹಾಳೆ ಸಿಕ್ಕಿಸಿ, ಅಕ್ಷರಗಳ ಮೇಲೆ ಫೋಕಸ್ ಮಾಡುತ್ತೇನೆ.

ಮಾತಾಡುವವರು ನಡೆಯುವುದಿದ್ದರೆ ನೆಲದ ಮೇಲೊಂದು ಟೇಪು, ಲೆನ್ಸಿನ ರಿಂಗಿನ ಮೇಲೊಂದು ಟೇಪು ಹಚ್ಚಿ, ಮೂರ್ನಾಲ್ಕು ಸಲ ಅಭ್ಯಾಸ ಮಾಡಿ ಕೈಯಿಂದಲೇ ತಿರುಗಿಸುತ್ತೇನೆ. ಇದಕ್ಕೆ ಹಳೆಯ ಮ್ಯಾನ್ಯುವಲ್ ಲೆನ್ಸೇ ನನಗೆ ಇಷ್ಟ. ರಿಂಗ್ ತಿರುಗಿಸಿದಾಗ ಮೋಟಾರಿನ ಮೂಲಕ ಫೋಕಸ್ ಬದಲಿಸುವ ಹೊಸ ಲೆನ್ಸುಗಳಲ್ಲಿ ರಿಂಗಿಗೆ ಸಾಮಾನ್ಯವಾಗಿ ಕೊನೆಯೇ ಇರುವುದಿಲ್ಲ, ಹಚ್ಚಿದ ಗುರುತು ಮುಂದಿನ ಸಲ ಅದೇ ಜಾಗಕ್ಕೆ ಬರುತ್ತದೆಂಬ ಭರವಸೆಯಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ಮೇಷ್ಟ್ರಿಗೆ ಫೋನ್ ಮಾಡಿ, “ಇನ್ನೊಂದು ಸಲ ಕೂರ್ತೀರಾ, ಮೇಷ್ಟ್ರೇ?” ಎಂದು ಕೇಳಿದೆ. “ಬಾರಪ್ಪ, ಹೇಳೋದು ಇನ್ನೂ ಬಹಳ ಇದೆ” ಎಂದರು. ಫ್ಯಾನ್ ನಿಲ್ಲಿಸಿ, ಕ್ಯಾಮೆರಾದ ಹಿಂದಿನ ಬರಿಗೋಡೆಗೆ ಎರಡು ದಪ್ಪ ಕಂಬಳಿ ಇಳಿಬಿಟ್ಟೆ. ಅಲುಗಾಟ ತಗ್ಗಿಸುವ ಲೆನ್ಸಿನ ಸ್ಟೆಬಿಲೈಸರನ್ನೂ, ಅದರ ಸದ್ದು ಬೇಡವೆಂದು, ಆಫ್ ಮಾಡಿದೆ. ಎಡಿಟಿಂಗ್‌ನಲ್ಲಿ ಮಾತಿನ ಸಂದುಗಳನ್ನು ತುಂಬಲು ಬೇಕೆಂದು 30 ಸೆಕೆಂಡ್ ಖಾಲಿ ಕೋಣೆಯ ಸದ್ದನ್ನೂ ಹಿಡಿದಿಟ್ಟೆ. ಆ ರೆಕಾರ್ಡಿಂಗ್‌ನಲ್ಲಿ ಅವರು ತಮ್ಮ ಮೊದಲ ಶಾಲೆಯ ಮಾತು ಬಂದಾಗ ಸುಮ್ಮನಾಗುತ್ತಾರೆ. ಕನ್ನಡಕ ತೆಗೆಯುತ್ತಾರೆ. ಅದರ ಕಡ್ಡಿ ಮಡಚಿದ ಸಣ್ಣ ಟಿಕ್ ಸದ್ದು, ಆಮೇಲೆ ಒಂದು ಉಸಿರು ಕೇಳಿಸುತ್ತದೆ. ಮುಂದಕ್ಕೆ ಬಾಗಿ ಮಾತು ಶುರುಮಾಡುತ್ತಾರೆ, ಕಣ್ಣು ಸ್ಪಷ್ಟವಾಗಿಯೇ ಇದೆ.