ಗುಣಮಟ್ಟದ ವೆಚ್ಚ: ಕುಲುಮೆಗೆ ಮರಳಿದ ಎರಕದ ಲೆಕ್ಕ ಹಿಡಿಯುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ (ಎರಕದ ಕಾರ್ಖಾನೆ) ಮಾಲೀಕರನ್ನು ಈ ತಿಂಗಳ ರಿಜೆಕ್ಷನ್ (ಕೆಟ್ಟು ತಳ್ಳಿಹಾಕಿದ ಎರಕ) ಎಷ್ಟು ಎಂದು ಕೇಳಿದರೆ ಸಾಮಾನ್ಯವಾಗಿ ತಡವರಿಸದೆ ಶೇಕಡಾವಾರು ಹೇಳುತ್ತಾರೆ. ಅದರಿಂದ ಎಷ್ಟು ರೂಪಾಯಿ ಹೋಯಿತು ಎಂದರೆ ಮಾತ್ರ ಉತ್ತರದ ಧಾಟಿ ಬದಲಾಗುತ್ತದೆ: ‘ಹೋಗುವುದೇನು ಬಂತು, ಕೆಟ್ಟ ಎರಕ ಮತ್ತೆ ಫರ್ನೇಸಿಗೇ ಬೀಳುತ್ತದಲ್ಲ!’

ಬೀಳುವುದು ಕಬ್ಬಿಣ ಮಾತ್ರ. ಅಚ್ಚಿಗೆ ಹಾಕಿದ ಮರಳು, ಅದನ್ನು ಅಂಟಿಸುವ ಬೈಂಡರ್, ಕೋರ್ (ಎರಕದೊಳಗೆ ಟೊಳ್ಳು ಬಿಡಿಸುವ ಮರಳಿನ ತುಂಡು), ಅಚ್ಚು ಕಟ್ಟುವ ಮೋಲ್ಡರ್‌ನ ಕೂಲಿ, ಎರಕವನ್ನು ಉಜ್ಜಿ ಚೊಕ್ಕ ಮಾಡುವ ಫೆಟ್ಲಿಂಗ್‌ನಲ್ಲಿ ಸವೆದ ಗ್ರೈಂಡಿಂಗ್ ವೀಲ್ ಯಾವುದೂ ಮರಳುವುದಿಲ್ಲ. ಇಂಡಕ್ಷನ್ ಫರ್ನೇಸಿನಲ್ಲಿ ಒಂದು ಟನ್ ಬೀಡುಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ವಿದ್ಯುತ್ ಬೇಕು. ಅದೇ ಕಬ್ಬಿಣವನ್ನು ಎರಡನೇ ಸಲ ಕರಗಿಸಿದಾಗ ಹೆಸ್ಕಾಂ ರಿಯಾಯಿತಿ ಕೊಡುವುದಿಲ್ಲ.

ಈ ಸೋರಿಕೆಯನ್ನು ರೂಪಾಯಿಯಲ್ಲಿ ಅಳೆಯುವ ಕ್ರಮಕ್ಕೆ ಗುಣಮಟ್ಟದ ವೆಚ್ಚದ ಲೆಕ್ಕ ಎಂದು ಹೆಸರು. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಒಂದು ರಿಜಿಸ್ಟರ್, ಒಬ್ಬ ಅಕೌಂಟೆಂಟ್, ಮುಚ್ಚುಮರೆಯಿಲ್ಲದೆ ಮಾತನಾಡುವ ಒಬ್ಬ ಸೂಪರ್‌ವೈಸರ್ ಇದ್ದರೆ ಸಾಕು. ಮೂರನೆಯವರು ಸಿಗುವುದೇ ಕಷ್ಟ.

ಹೆಜ್ಜೆ 1: ನಾಲ್ಕು ತಲೆಬರಹ ಬರೆಯಿರಿ

ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಆರ್ಮಂಡ್ ಫೈಗೆನ್‌ಬಾಮ್ 1956ರಲ್ಲಿ ಗುಣಮಟ್ಟದ ಖರ್ಚನ್ನು ತಡೆ, ತಪಾಸಣೆ, ವೈಫಲ್ಯ ಎಂದು ವಿಂಗಡಿಸಿ ತೋರಿಸಿದರು. ಬಳಿಕ ವೈಫಲ್ಯವನ್ನು ಕಾರ್ಖಾನೆಯ ಒಳಗಿನದು, ಗ್ರಾಹಕರ ಬಳಿ ಬಯಲಾದದ್ದು ಎಂದು ಎರಡು ಮಾಡಲಾಯಿತು. ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಈ ನಾಲ್ಕೇ.

ಮರಳಿನ ತೇವಾಂಶ ಪರೀಕ್ಷೆ ತಡೆಯೋ ತಪಾಸಣೆಯೋ ಎಂಬಂಥ ಜಗಳ ಮೊದಲ ದಿನವೇ ಶುರುವಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿ, ಬರೆದಿಟ್ಟು, ಮುಂದಕ್ಕೆ ಹೋಗಿ. ಯಾವ ತಲೆಬರಹಕ್ಕೆ ಹಾಕಿದಿರಿ ಎನ್ನುವುದಕ್ಕಿಂತ ಪ್ರತಿ ತಿಂಗಳೂ ಅಲ್ಲಿಗೇ ಹಾಕಿದಿರಾ ಎನ್ನುವುದು ಮುಖ್ಯ.

ಹೆಜ್ಜೆ 2: ಒಂದು ತಿಂಗಳು, ಒಂದೇ ಬಗೆಯ ಮಾಲು

ಇಡೀ ಕಾರ್ಖಾನೆಯನ್ನು ಒಮ್ಮೆಗೇ ಅಳೆಯಲು ಹೊರಟರೆ ಎರಡನೇ ವಾರಕ್ಕೆ ರಿಜಿಸ್ಟರ್ ಮೂಲೆ ಸೇರುತ್ತದೆ. ಹೆಚ್ಚು ಓಡುವ ಒಂದು ಮಾಲನ್ನು ಹಿಡಿಯಿರಿ. ಉದಾಹರಣೆಗೆ, 10 ಕಿಲೋ ತೂಕದ ಪಂಪ್ ಕೇಸಿಂಗ್ ಎಂದಿಟ್ಟುಕೊಳ್ಳೋಣ. ಎರಕ ಹೊಯ್ದು, ಮೆಷಿನಿಂಗ್ ಮಾಡಿ, ಒಂದಕ್ಕೆ ₹1,600ರಂತೆ ತಿಂಗಳಿಗೆ 5,000 ಕೊಡುವ ಘಟಕ. ಮಾರಾಟ ₹80 ಲಕ್ಷ. ಇಲ್ಲಿನ ಅಂಕಿಗಳೆಲ್ಲ ಲೆಕ್ಕದ ದಾರಿ ತೋರಿಸಲು ಕಲ್ಪಿಸಿದವು. ನಿಮ್ಮ ಅಂಕಿಗಳನ್ನು ನೀವೇ ತುಂಬಬೇಕು.

ಹೆಜ್ಜೆ 3: ಕೆಟ್ಟದ್ದು ಎಲ್ಲಿ ಸಿಕ್ಕಿತು ಎಂದು ಬರೆಯಿರಿ

ಹೆಚ್ಚಿನ ಕಡೆ ರಿಜೆಕ್ಷನ್ ರಿಜಿಸ್ಟರಿನಲ್ಲಿ ಎಷ್ಟು ಪೀಸು, ಏನು ದೋಷ ಎಂದಷ್ಟೇ ಇರುತ್ತದೆ. ಯಾವ ಹಂತದಲ್ಲಿ ಸಿಕ್ಕಿತು ಎಂಬ ಕಾಲಂ ಇರುವುದಿಲ್ಲ. ಹಣದ ಮಟ್ಟಿಗೆ ಇರಬೇಕಾದ ಕಾಲಂ ಅದೇ.

ನಮ್ಮ ಕೇಸಿಂಗನ್ನೇ ನೋಡಿ. ಫೆಟ್ಲಿಂಗ್ ಮುಗಿಯುವ ಹೊತ್ತಿಗೆ ಅದರ ಮೇಲೆ ₹850 ಖರ್ಚಾಗಿದೆ. ಅಲ್ಲೇ ಬ್ಲೋಹೋಲ್ (ಅನಿಲ ಸಿಕ್ಕಿ ಆದ ತೂತು) ಕಂಡರೆ, ಕಿಲೋಗೆ ₹35ರಂತೆ ₹350ರ ಲೋಹ ಕುಲುಮೆಗೆ ಮರಳುತ್ತದೆ, ನಷ್ಟ ₹500. ಅದೇ ತೂತು ಚರ್ಮದಡಿಯ ಗುಳ್ಳೆಯಂತೆ ಒಳಗೆ ಅಡಗಿದ್ದು ಬೋರಿಂಗ್ (ಒಳರಂಧ್ರ ಕೊರೆಯುವುದು) ಮಾಡುವಾಗ ಬಾಯ್ದೆರೆದರೆ ಮೆಷಿನಿಂಗಿನ ₹400 ಸೇರಿ ಖರ್ಚು ₹1,250 ಆಗಿರುತ್ತದೆ. ಉಳಿದ ಎಂಟೂವರೆ ಕಿಲೋಗೆ ₹300 ಸಿಕ್ಕಿತೆಂದರೂ ನಷ್ಟ ₹950. ದೋಷ ಒಂದೇ, ಕಾರಣ ಒಂದೇ. ತಡವಾಗಿ ಸಿಕ್ಕಿದ್ದಕ್ಕೆ ನಷ್ಟ ಹೆಚ್ಚುಕಡಿಮೆ ಎರಡರಷ್ಟಾಯಿತು.

ಆದ್ದರಿಂದ ಪ್ರತಿ ಹಂತಕ್ಕೂ ಒಂದು ದರ ಕಟ್ಟಿಡಿ. ಆ ಹಂತದವರೆಗಿನ ಖರ್ಚಿನಿಂದ ಮರಳಿ ಸಿಗುವ ಲೋಹದ ಬೆಲೆ ಕಳೆದರೆ ದರ ಸಿಗುತ್ತದೆ. ಲೋಹ ಹರಿಯುವ ಕಾಲುವೆಯ ರನ್ನರ್, ಎರಕ ಕುಗ್ಗುವಾಗ ಲೋಹ ಒದಗಿಸುವ ರೈಸರ್‌ಗಳು ಮರಳುವುದು ಎರಕದ ಸಹಜ ಕ್ರಮ, ಅವನ್ನು ಇಲ್ಲಿ ಸೇರಿಸಬೇಡಿ. (ಕುಗ್ಗುವಿಕೆಯ ಭಯಕ್ಕೆ ಬೇಕಾದ್ದಕ್ಕಿಂತ ದಪ್ಪ ರೈಸರ್ ಇಟ್ಟಿದ್ದರೆ ಅದೂ ನಷ್ಟವೇ. ಆದರೆ ಅದು ಅಚ್ಚು ಮೂಡಿಸುವ ಪ್ಯಾಟರ್ನ್ ಬದಲಾಯಿಸುವಾಗ ಎತ್ತಬೇಕಾದ ವಿಷಯ.) ಮಾರ್ಚ್‌ನಲ್ಲಿ ಹೊಯ್ದದ್ದು ಏಪ್ರಿಲ್‌ನಲ್ಲಿ ಕೆಟ್ಟಿದೆ ಎಂದು ತಿಳಿದರೆ ಏಪ್ರಿಲ್ ಲೆಕ್ಕಕ್ಕೇ ಹಾಕಿ, ಪಕ್ಕದಲ್ಲಿ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಎಂಬ ಗುರುತು) ಬರೆಯಿರಿ. ಕಾರಣ ಹುಡುಕುವಾಗ ಅದು ಬೇಕಾಗುತ್ತದೆ.

ನಮ್ಮ ಘಟಕದಲ್ಲಿ ಫೌಂಡ್ರಿಯಲ್ಲಿ 300, ಮೆಷಿನ್‌ಶಾಪಿನಲ್ಲಿ 100 ಪೀಸು ಹೋದವು ಎನ್ನೋಣ. ಕ್ರಮವಾಗಿ ₹1,50,000 ಮತ್ತು ₹95,000.

ಹೆಜ್ಜೆ 4: ಸದ್ದಿಲ್ಲದ ರೀವರ್ಕ್

ಇಡೀ ಲೆಕ್ಕದಲ್ಲಿ ಅತಿ ಕಷ್ಟದ ಭಾಗ ಇದು. ಕೆಟ್ಟ ಪೀಸು ರಾಶಿಯಾಗಿ ಕಣ್ಣಿಗೆ ಬೀಳುತ್ತದೆ. ರೀವರ್ಕ್ ಆದ, ಎಂದರೆ ಮತ್ತೆ ಕೈಯಾಡಿಸಿ ಸರಿಮಾಡಿದ ಪೀಸು ಒಳ್ಳೆಯ ಪೀಸುಗಳ ಜೊತೆ ಲಾರಿ ಹತ್ತಿಬಿಡುತ್ತದೆ. ಕೋರ್ ಸಂದಿನಲ್ಲಿ ಕಬ್ಬಿಣ ನುಗ್ಗಿ ಎದ್ದ ರೆಕ್ಕೆಯನ್ನು ಉಜ್ಜುವುದು, ಗ್ರಾಹಕರು ಒಪ್ಪಿದ ಕಡೆ ವೆಲ್ಡಿಂಗ್‌ನಿಂದ ತೂತು ತುಂಬುವುದು, ಬೋರ್ ಮತ್ತೊಮ್ಮೆ ಅಳೆಯುವುದು ಎಲ್ಲವೂ ‘ದಿನದ ಕೆಲಸ’. ಇಪ್ಪತ್ತು ವರ್ಷದಿಂದ ಗ್ರೈಂಡರ್ ಹಿಡಿದವರಿಗೆ ಅದು ರೀವರ್ಕ್ ಎಂದು ಅನ್ನಿಸುವುದೂ ಇಲ್ಲ.

ಅವರನ್ನು ಫಾರ್ಮ್ ತುಂಬಿಸಲು ಕೂರಿಸಬೇಡಿ. ಎರಡು ವಾರ ಮಾತ್ರ, ಗೋಡೆಯ ಮೇಲೊಂದು ಕರಿಹಲಗೆ ಇಡಿ. ಮೊದಲ ಸಲಕ್ಕೆ ಸರಿಯಾಗದ ಪ್ರತಿ ಪೀಸಿಗೂ ಒಂದು ಗೀಟು. ಒಂದು ಗೀಟಿಗೆ ಎಷ್ಟು ನಿಮಿಷ ಎಂದು ಸೂಪರ್‌ವೈಸರ್ ನಿಂತು ನೋಡಿ ಅಂದಾಜಿಸಲಿ. ನಿಮಿಷಕ್ಕೆ ಕೂಲಿ, ವೀಲ್, ಎಲೆಕ್ಟ್ರೋಡ್, ಇದಕ್ಕಾಗಿಯೇ ಆದ ಓವರ್‌ಟೈಮ್ ಸೇರಿಸಿ ತಿಂಗಳಿಗೆ ಹಿಗ್ಗಿಸಿ. ನಮ್ಮ ಉದಾಹರಣೆಯಲ್ಲಿ ₹75,000. ಪೈಸೆಗೆ ಪೈಸೆ ತಾಳೆಯಾಗಬೇಕಿಲ್ಲ. ಶೇ 10ರಷ್ಟು ಆಚೀಚೆ ಇದ್ದರೂ ನಿರ್ಧಾರ ಬದಲಾಗುವುದಿಲ್ಲ.

ಇಲ್ಲಿ ಮಾಲೀಕರ ತಕರಾರೊಂದು ಬರುತ್ತದೆ: ‘ದರ ಕೊಡುವಾಗಲೇ ಕಾಸ್ಟಿಂಗ್ ಶೀಟಿನಲ್ಲಿ ಶೇ 5 ರಿಜೆಕ್ಷನ್ ಸೇರಿಸಿದ್ದೇವೆ, ಅದು ವಸೂಲಾಗಿದೆ.’ ಈ ಒಂದು ಸಾಲು ಮುಚ್ಚಿಟ್ಟಷ್ಟು ನಷ್ಟವನ್ನು ಬೇರಾವುದೂ ಮುಚ್ಚಿಡುವುದಿಲ್ಲ ಎಂದು ನನಗನ್ನಿಸುತ್ತದೆ. ಶೇ 5 ಸೇರಿಸಿ ದರ ಕೊಟ್ಟವರ ಆರ್ಡರ್ ಶೇ 3 ಸೇರಿಸಿದ ಪಕ್ಕದ ಶೆಡ್‌ಗೆ ಹೋಗುತ್ತದೆ. ಲೆಕ್ಕದಲ್ಲಿ ಪೂರ್ತಿ ನಷ್ಟವನ್ನೇ ಬರೆಯಿರಿ. ದರದಲ್ಲಿ ಎಷ್ಟು ಸೇರಿದೆ ಎನ್ನುವುದು ಬೇರೆ ವಿಚಾರ.

ಹೆಜ್ಜೆ 5: ಗೇಟಿನ ಹೊರಗಿನ ಖರ್ಚು

ಪುಣೆಯ ಗ್ರಾಹಕರು ಕಳಿಸಿದ ಡೆಬಿಟ್ ನೋಟ್ (ಬಿಲ್ಲಿನ ಹಣ ಕಡಿತದ ಚೀಟಿ) ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ‘ದರ ವ್ಯತ್ಯಾಸ’ ಅಥವಾ ‘ಡಿಸ್ಕೌಂಟ್’ ಖಾತೆಯಲ್ಲಿ ಕುಳಿತಿರಬಹುದು. ಎಲ್ಲವನ್ನೂ ತೆಗೆಸಿ, ಕಾರಣ ಓದಿ. ವಾಪಸು ಬಂದ ಮಾಲಿನ ಬಾಡಿಗೆ, ಬದಲಿ ಮಾಲನ್ನು ತುರ್ತಾಗಿ ಪ್ರತ್ಯೇಕ ಗಾಡಿಯಲ್ಲಿ ಕಳಿಸಿದ್ದು, ಗ್ರಾಹಕರ ಗೋದಾಮಿನಲ್ಲಿ ಇಡೀ ಲಾಟ್ ಬೇರ್ಪಡಿಸಲು ಹೊರಗಿನವರಿಗೆ ಕೊಟ್ಟ ಹಣ, ಮ್ಯಾನೇಜರ್‌ರ ರಾತ್ರಿ ಬಸ್ಸಿನ ಟಿಕೆಟ್ ಹಾಗೂ ಅವರ ಎರಡು ದಿನದ ಸಂಬಳ ಸೇರಲಿ. ನಮ್ಮ ಲೆಕ್ಕಕ್ಕೆ ಡೆಬಿಟ್ ₹95,000, ಸಾಗಣೆ ಮತ್ತು ಬದಲಿ ₹38,000, ಬೇರ್ಪಡಿಕೆ ಮತ್ತು ಪ್ರಯಾಣ ₹27,000, ಒಟ್ಟು ₹1,60,000. ಕೈತಪ್ಪಿದ ಆರ್ಡರಿನ ಲಾಭವನ್ನು ಊಹಿಸಿ ಇದಕ್ಕೆ ಸೇರಿಸಬೇಡಿ. ಊಹೆ ಸೇರಿದ ದಿನವೇ ಅಕೌಂಟೆಂಟ್ ಈ ಹಾಳೆಯನ್ನು ನಂಬುವುದು ಬಿಡುತ್ತಾರೆ.

ಹೆಜ್ಜೆ 6: ತಪಾಸಣೆ ಮತ್ತು ತಡೆ

ಇವು ಸುಲಭ. ಇನ್‌ಸ್ಪೆಕ್ಟರ್‌ಗಳ ಸಂಬಳ, ಲ್ಯಾಬ್ ಪರೀಕ್ಷೆ, ಗೇಜ್‌ಗಳ ಕ್ಯಾಲಿಬ್ರೇಷನ್ ತಪಾಸಣೆಗೆ: ₹1,10,000. ತರಬೇತಿ, ಪ್ಯಾಟರ್ನ್ ದುರಸ್ತಿ, ಹೊಸ ಮಾಲಿನ ಪ್ರಯೋಗ ಎರಕ ತಡೆಗೆ: ₹20,000. ಅರ್ಧ ದಿನ ತಪಾಸಣೆ, ಅರ್ಧ ದಿನ ಉತ್ಪಾದನೆ ನೋಡುವವರ ಸಂಬಳವನ್ನು ಅರ್ಧರ್ಧ ಹಂಚಿ.

ಹೆಜ್ಜೆ 7: ಕೂಡಿಸಿ, ಓದಿ

ಒಳಗಿನ ವೈಫಲ್ಯ ₹3,20,000, ಹೊರಗಿನದು ₹1,60,000, ತಪಾಸಣೆ ₹1,10,000, ತಡೆ ₹20,000. ಒಟ್ಟು ₹6,10,000, ಮಾರಾಟದ ಶೇ 7.6. ಸುಮಾರು ಶೇ 79 ಭಾಗ ಕೆಟ್ಟದ್ದಕ್ಕೆ ಹೋಗಿದೆ. ಕೆಡದಂತೆ ತಡೆಯಲು ಖರ್ಚಾದದ್ದು ಶೇ 3ಕ್ಕೆ ತುಸು ಮೇಲೆ. ಹಿಂದಿನ ರೀತಿಯಲ್ಲಾದರೆ ಇದೇ ಮಾಲೀಕರ ಕಣ್ಣಿಗೆ ನಷ್ಟವೆಂದು ಬೀಳುತ್ತಿದ್ದುದು ಡೆಬಿಟ್ ನೋಟಿನ ₹95,000 ಒಂದೇ.

ಮಾರಾಟದ ಶೇಕಡಾವಾರಿನ ಜೊತೆ ಒಂದು ಟನ್ ಒಳ್ಳೆಯ ಎರಕಕ್ಕೆ ಎಷ್ಟು ಎಂದೂ ಬರೆದಿಡಿ. ಸ್ಕ್ರ್ಯಾಪ್ ದರ ಏರಿ ಮಾರಾಟ ಬೆಲೆ ಪರಿಷ್ಕರಣೆಯಾದರೆ ಶೇಕಡಾವಾರು ತಾನಾಗಿ ಇಳಿಯಬಹುದು. ಶಾಪ್‌ಫ್ಲೋರಿನಲ್ಲಿ ಏನೂ ಸುಧಾರಿಸಿರುವುದಿಲ್ಲ. ನಮ್ಮ 50 ಟನ್ನಿಗೆ ಈ ಸಂಖ್ಯೆ ಟನ್ನಿಗೆ ₹12,200.

ಎರಡನೇ ತಿಂಗಳು ಮೊತ್ತ ಏರಿದರೆ ಗಾಬರಿ ಬೇಡ. ಮೊದಲು ಚಾಪೆಯಡಿ ನುಸುಳುತ್ತಿದ್ದದ್ದು ಈಗ ಹಲಗೆಗೆ ಬರುತ್ತಿದೆ. ಆ ಗೀಟುಗಳನ್ನು ನೋಡಿ ಯಾರದ್ದಾದರೂ ಕೂಲಿ ಕಡಿದರೆ ಮಾತ್ರ ಮೂರನೇ ತಿಂಗಳ ಹಲಗೆ ಖಾಲಿಯಾಗಿರುತ್ತದೆ, ಕೆಟ್ಟ ಪೀಸು ಲಾರಿಯಲ್ಲಿರುತ್ತದೆ.

ಹೆಜ್ಜೆ 8: ದೊಡ್ಡ ಸಾಲಿಗೆ ಕೈ ಹಾಕಿ

ಇಲ್ಲಿ ದೊಡ್ಡ ಸಾಲು ಫೌಂಡ್ರಿಯ ₹1,50,000. ದೋಷದ ಪ್ರಕಾರ ಬಿಡಿಸಿದಾಗ ಅದರಲ್ಲಿ ಬ್ಲೋಹೋಲ್ ಅರ್ಧಕ್ಕಿಂತ ಹೆಚ್ಚಿದ್ದರೆ ಮರಳಿನ ತೇವ, ಕೋರ್ ಒಣಗಿದ ಬಗೆ, ಅಚ್ಚಿನಲ್ಲಿ ಗಾಳಿ ಹೊರಹೋಗುವ ದಾರಿಗಳನ್ನು ನೋಡಬೇಕು. ಮೆಷಿನ್‌ಶಾಪಿನಲ್ಲಿ ಸಿಗುತ್ತಿರುವುದೂ ಅದೇ ದೋಷವಾದರೆ ಒಂದೇ ಮದ್ದು ಎರಡು ಸಾಲನ್ನು ಇಳಿಸುತ್ತದೆ. ಅದಕ್ಕೆ ಮಾಡಿದ ಖರ್ಚನ್ನು ತಡೆಯ ತಲೆಬರಹದಲ್ಲಿ ಬರೆದು, ಮೂರು ತಿಂಗಳ ಬಳಿಕ ಒಟ್ಟು ಮೊತ್ತದ ಪಕ್ಕದಲ್ಲಿಟ್ಟು ನೋಡಿ.

ವಾಹನ ಕಂಪನಿಗಳಿಗೆ ಬಿಡಿಭಾಗ ಕೊಡುವವರಲ್ಲಿ ಐಎಟಿಎಫ್ 16949 ಪ್ರಮಾಣಪತ್ರ ಪಡೆದವರು ಈ ಹಾಳೆಯನ್ನು ಹೇಗಿದ್ದರೂ ಮಾಡಲೇಬೇಕು. ವಾಹನೋದ್ಯಮದ ಗುಣಮಟ್ಟ ವ್ಯವಸ್ಥೆಯ ಈ ಮಾನದಂಡವು ಆಡಳಿತ ಪರಿಶೀಲನಾ ಸಭೆಯ ಮುಂದೆ ಒಳಗಿನ, ಹೊರಗಿನ ವೈಫಲ್ಯಗಳ ವೆಚ್ಚವನ್ನು ಇಡಬೇಕೆನ್ನುತ್ತದೆ. ಆಡಿಟ್‌ನ ಹಿಂದಿನ ರಾತ್ರಿ ಕೂತು ಬೇರೊಂದು ಹಾಳೆ ತಯಾರಿಸುವ ಬದಲು ಕರಿಹಲಗೆಯಿಂದ ಬಂದ ಈ ಹಾಳೆಯನ್ನೇ ಫೈಲಿಗೆ ಹಾಕಿ.