ಸಕ್ಕರೆ ಕಡಿಮೆಯಿರುವ ಚಾಕೊಲೇಟ್: ರುಚಿ ನೋಡುವ ಕ್ರಮ

ಹಾಲು ಚಾಕೊಲೇಟ್ ತಿಂದ ಬಾಯಿಗೇ ಸಕ್ಕರೆ ಕಡಿಮೆಯಿರುವ ಚಾಕೊಲೇಟ್ ಹಾಕಿಕೊಂಡರೆ ಅದು ಸೋಲುವುದು ಖಂಡಿತ. ಕಹಿ, ಒಗರು, ಔಷಧಿಯ ವಾಸನೆ ಎಂದು ದೂರಿ ಬದಿಗಿಡುತ್ತೇವೆ. ಹಾಗೆ ತೀರ್ಪು ಕೊಡುವುದು ಮೊದಲು ತಿಂದ ಸಕ್ಕರೆ. ನಾನು ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಹದಮಾಡುವ ಕಾರ್ಖಾನೆ) ಒಂದರಲ್ಲಿ ಕಾಫಿಯ ರುಚಿ ನೋಡುವ ಕೆಲಸದಲ್ಲಿದ್ದೇನೆ. ಅರೇಬಿಕಾ, ರೊಬಸ್ಟಾ ಎರಡನ್ನೂ ಚಮಚದಿಂದ ಸೊರ್ರನೆ ಹೀರಿ, ಬಾಯಲ್ಲಿ ಆಡಿಸಿ, ಉಗಿದು, ಅನಿಸಿದ್ದನ್ನು ಬರೆದಿಡುವುದು ನಿತ್ಯದ ಕೆಲಸ. ಮನೆಯಲ್ಲಿ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಚಾಕೊಲೇಟ್ ಎಂದರೆ ಅವರಿಗೆ ಪ್ರಾಣ. ಅವರಿಗಾಗಿ ತರುವ ಚಾಕೊಲೇಟ್‌ಗಳನ್ನೂ ಕಾಫಿಯಷ್ಟೇ ಶ್ರದ್ಧೆಯಿಂದ ಹೋಲಿಸಿ ನೋಡುವ ಅಭ್ಯಾಸ ಹಾಗೆ ಬೆಳೆಯಿತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಕಣ್ಣಿನದು. ಹೊದಿಕೆಯ ಮುಂಭಾಗ ಬಿಟ್ಟು ಹಿಂಭಾಗ ಓದಿ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಹೆಚ್ಚು ಮಾರಾಟವಾಗುವ ಹಾಲು ಚಾಕೊಲೇಟ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಹೆಸರೇ ಸಕ್ಕರೆ; 100 ಗ್ರಾಂ ಚಾಕೊಲೇಟ್‌ನಲ್ಲಿ 50 ಗ್ರಾಂ ಮೀರಿದ ಸಕ್ಕರೆ ಅಪರೂಪವೇನಲ್ಲ. ‘ಡಾರ್ಕ್’ ಎಂಬ ಹೆಸರನ್ನು ನಂಬಿ ಕೂಡಬೇಡಿ. ಕೋಕೋ ಶೇ. 55 ಎಂದಿದ್ದರೆ ಉಳಿದ ಶೇ. 45ರಲ್ಲಿ ಬಹುಪಾಲು ಸಕ್ಕರೆಯೇ. ಶೇ. 85 ಎಂದಿದ್ದರೆ ಸಕ್ಕರೆ ಹೆಚ್ಚೆಂದರೆ 15 ಗ್ರಾಂ ಆಸುಪಾಸು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳ ಪ್ರಕಾರ ಘನ ಆಹಾರವನ್ನು ‘ಕಡಿಮೆ ಸಕ್ಕರೆ’ಯದು ಎಂದು ಕರೆಯಬೇಕಾದರೆ 100 ಗ್ರಾಂಗೆ 5 ಗ್ರಾಂ ದಾಟಬಾರದು, ‘ಸಕ್ಕರೆರಹಿತ’ ಎನ್ನಲು 0.5 ಗ್ರಾಂ ಮಿತಿ. ಹಾಗಾಗಿ ಶೇ. 85ರ ಚಾಕೊಲೇಟ್ ಆ ಲೆಕ್ಕಕ್ಕೆ ಬರುವುದಿಲ್ಲ, ಆದರೂ ನನ್ನ ಹೋಲಿಕೆಯಲ್ಲಿ ಅಂಥದ್ದಕ್ಕೆ ಮೊದಲ ಮಣೆ. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದ ಹಾಲು ಚಾಕೊಲೇಟ್‌ನಲ್ಲಿ ಹಾಲಿನದೇ ಸಕ್ಕರೆ ಲ್ಯಾಕ್ಟೋಸ್ ಇದ್ದೇ ಇರುತ್ತದೆ. ಅದಕ್ಕೇ ‘ಒಟ್ಟು ಸಕ್ಕರೆ’ ಮತ್ತು ‘ಸೇರಿಸಿದ ಸಕ್ಕರೆ’ ಎಂಬ ಎರಡೂ ಸಾಲುಗಳನ್ನು ನೋಡಬೇಕು. ಸಕ್ಕರೆ ಕಾಯಿಲೆಯವರಾದರೆ ಒಟ್ಟು ಕಾರ್ಬೋಹೈಡ್ರೇಟ್‌ನ ಸಾಲನ್ನೂ.

ಕೊಬ್ಬು ಯಾವುದು ಎಂಬುದು ಇನ್ನೊಂದು ಮುಖ್ಯ ವಿಚಾರ. ಕೋಕೋ ಬೆಣ್ಣೆ 34 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಬಾಯಿಯ ಬಿಸಿ ಅದಕ್ಕಿಂತ ತುಸು ಹೆಚ್ಚು. ಹಾಗಾಗಿ ನಾಲಿಗೆಯ ಮೇಲೆ ಇಟ್ಟದ್ದು ತಾನಾಗಿ ಹರಡುತ್ತದೆ. ಕಾಂಪೌಂಡ್ ಎಂಬ ಅಗ್ಗದ ಬಗೆಯಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ಅಂಗುಳಕ್ಕೆ ಮೇಣದಂತೆ ಅಂಟಿ ಕೂರುತ್ತದೆ. ಮಡಿಕೇರಿಯಲ್ಲಿ ರಾಜಾಸೀಟ್ ಕಡೆ ಹೋಗುವ ದಾರಿಯ ಅಂಗಡಿಗಳಲ್ಲಿ ‘ಹೋಮ್‌ಮೇಡ್’ ಚಾಕೊಲೇಟ್ ರಾಶಿ ರಾಶಿಯಾಗಿ ಸಿಗುತ್ತದೆ: ಗೋಡಂಬಿಯದು, ಕಾಫಿ ಬೀಜದ್ದು, ಗಾಂಧಾರಿ ಮೆಣಸಿನದು. ಮನೆಯಲ್ಲಿ ಮಾಡಿದ್ದು ಎಂಬ ಮಾತಿಗೆ ಸಕ್ಕರೆಯೊಂದಿಗೆ ಯಾವ ಸಂಬಂಧವೂ ಇಲ್ಲ. ಸಿದ್ಧ ಗಟ್ಟಿಗಳನ್ನು ಕರಗಿಸಿ ಅಚ್ಚಿಗೆ ಹುಯ್ಯುವವರೂ ಇದ್ದಾರೆ. ‘ಇದು ಕೋಕೋ ಬೆಣ್ಣೆಯದೋ ಕಾಂಪೌಂಡೋ?’ ಎಂದು ಕೇಳಿ. ಒಳ್ಳೆಯ ಅಂಗಡಿಯವರು ಮುಖ ಸಿಂಡರಿಸದೆ ಹೇಳುತ್ತಾರೆ. ಏಲಕ್ಕಿ, ಕಾಳುಮೆಣಸು, ಕಾಫಿಪುಡಿ ಎಲ್ಲವೂ ಒಂದೇ ಕಪಾಟಿನಲ್ಲಿದ್ದರೆ ಬಿಡಿ ಚಾಕೊಲೇಟ್ ಕೊಳ್ಳಬೇಡಿ. ಕೋಕೋ ಬೆಣ್ಣೆ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಆಮೇಲೆ ನೀವು ಹೊಗಳುವುದು ಏಲಕ್ಕಿಯನ್ನು.

ನಾನು ಹೋಲಿಕೆಗೆ ಸಾಮಾನ್ಯವಾಗಿ ತರುವುದು ಹೀಗೆ: ಎಲ್ಲ ಕಡೆ ಸಿಗುವ ಹಾಲು ಚಾಕೊಲೇಟ್ ಒಂದು, ಅಮೂಲ್‌ನ ಡಾರ್ಕ್ ಶ್ರೇಣಿಯಿಂದ 55, 75, 90 ಶೇಕಡಾದವು, ಮಾಲ್ಟಿಟಾಲ್ ಎಂಬ ಬದಲಿ ಸಿಹಿ ಹಾಕಿದ ಸಕ್ಕರೆರಹಿತ ಒಂದು, ಸ್ಟೀವಿಯಾ ಮತ್ತು ಎರಿಥ್ರಿಟಾಲ್ ಎಂಬ ಬದಲಿ ಸಿಹಿಗಳು ಇರುವುದು ಒಂದು. ಹಾಲು ಚಾಕೊಲೇಟ್‌ಗೆ ನನ್ನ ಆಯ್ಕೆ ಕ್ಯಾಂಪ್ಕೊ. ನಮ್ಮ ತೋಟಗಳಲ್ಲಿ ಕಾಫಿ, ಮೆಣಸು, ಏಲಕ್ಕಿಯದೇ ರಾಜ್ಯಭಾರ. ಕೋಕೋ ಕಣ್ಣಿಗೆ ಬೀಳಬೇಕಾದರೆ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರಿನ ಅಡಿಕೆ ತೋಟಗಳಿಗೆ ಹೋಗಬೇಕು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿತು. ನೆರೆಯ ರೈತರ ಬೆಳೆಯನ್ನು ರುಚಿ ನೋಡುವ ಮೇಜಿನ ಮೇಲೆ ಇಡುವುದು ನನಗೆ ಖುಷಿಯ ಸಂಗತಿ.

ಇನ್ನು ಸಮಯ, ಜಾಗ. ಚಾಕೊಲೇಟ್ 20ರಿಂದ 22 ಡಿಗ್ರಿಯಲ್ಲಿದ್ದರೆ ಚೆನ್ನ. ಏಪ್ರಿಲ್‌ನಲ್ಲಿ ಕುಶಾಲನಗರದ ಮಧ್ಯಾಹ್ನ ಅದಕ್ಕೆ ಆಗಿಬರುವುದಿಲ್ಲ, ಬೆಳಿಗ್ಗೆಯೇ ಮುಗಿಸಿಕೊಳ್ಳಿ. ಆಟಿಯ ಮಳೆಯಲ್ಲಿ ಮಡಿಕೇರಿ, ಭಾಗಮಂಡಲದ ಕಡೆ ತೊಂದರೆ ತಿರುವುಮುರುವು. ಚಳಿಗೆ ಬಿಗಿದುಕೊಂಡ ತುಂಡು ನಿಧಾನವಾಗಿ ಕರಗಿ ಘಮ ಬಿಟ್ಟುಕೊಡುವುದಿಲ್ಲ. ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ, ಒಲೆಯಿಂದ ದೂರವೇ, ಅರ್ಧ ಗಂಟೆ ಇಟ್ಟರೆ ಸರಿಹೋಗುತ್ತದೆ. ಪಂದಿ ಕರಿ ಉಂಡ ಮೇಲೆ ಈ ಕೆಲಸಕ್ಕೆ ಕೈಹಾಕಬೇಡಿ, ಅದಕ್ಕೆ ಹಾಕುವ ಕಾಚಂಪುಳಿಯ ಹುಳಿ ಗಂಟೆಗಟ್ಟಲೆ ನಿಲ್ಲುತ್ತದೆ. ಕಾಫಿ ಕುಡಿದ ಕೂಡಲೇ ಕೂಡ ಬೇಡ. ನಡುನಡುವೆ ಬಾಯಿ ತೊಳೆಯಲು ಉಗುರುಬೆಚ್ಚಗಿನ ನೀರು ಇರಲಿ. ತಣ್ಣೀರು ಬಾಯಲ್ಲಿ ಉಳಿದ ಕೋಕೋ ಬೆಣ್ಣೆಯನ್ನು ಹೆಪ್ಪುಗಟ್ಟಿಸುತ್ತದೆ. ಉಪ್ಪು ಹಾಕದ ಅಕ್ಕಿರೊಟ್ಟಿಯ ಚೂರು ಒಂದಿಷ್ಟು ಪಕ್ಕದಲ್ಲಿದ್ದರೆ ನಾಲಿಗೆ ಬೇಗ ಹದಕ್ಕೆ ಬರುತ್ತದೆ.

ಹೆಸರು ಗೊತ್ತಿದ್ದರೆ ನಾಲಿಗೆ ಪಕ್ಷ ವಹಿಸುತ್ತದೆ. ಅದಕ್ಕೆ ಮನೆಯಲ್ಲಿ ರುಚಿ ನೋಡದ ಒಬ್ಬರಿಗೆ ಕತ್ತರಿಸುವ ಕೆಲಸ ಒಪ್ಪಿಸಿ. ಪ್ರತಿಯೊಂದರಿಂದ 5 ಗ್ರಾಂ ತೂಗಿ, ತುಂಡಿನ ಮೇಲೆ ಮೂಡಿದ ಕಂಪನಿಯ ಅಚ್ಚನ್ನು ಚಾಕುವಿನಿಂದ ಹೆರೆದು, ತಟ್ಟೆಗೆ 417, 286 ಎಂಬಂಥ ಅಡ್ಡಾದಿಡ್ಡಿ ಸಂಖ್ಯೆ ಬರೆಯಲಿ. 1, 2, 3 ಎಂದು ಬರೆದರೆ ಒಂದನೆಯದೇ ಉತ್ತಮ ಎಂಬ ಭಾವನೆ ನುಸುಳುತ್ತದೆ. ಎರಡು ಚಾಕೊಲೇಟ್‌ಗಳ ನಡುವೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂಬ ಅನುಮಾನವಿದ್ದರೆ ಮೂರು ತುಂಡು ಇಡಿಸಿ: ಎರಡು ಒಂದೇ ಬಗೆ, ಒಂದು ಬೇರೆ. ಬೇರೆಯದನ್ನು ಗುರುತಿಸಬೇಕು. ಊಹೆಯಿಂದ ಸರಿಯಾಗುವ ಸಾಧ್ಯತೆ ಮೂರರಲ್ಲಿ ಒಂದು, ಆದ್ದರಿಂದ ಮತ್ತೆ ಮತ್ತೆ ಮಾಡಿ ನೋಡಿ. ಕಾಫಿಯಲ್ಲೂ ಇದೇ ಪರೀಕ್ಷೆ ನಡೆಯುತ್ತದೆ.

ಸಾಲು ಹೀಗಿರಲಿ: ಮೊದಲು 75, ಆಮೇಲೆ 90, ನಂತರ ಮಾಲ್ಟಿಟಾಲ್‌ನದು, ಅದರ ಹಿಂದೆ ಸ್ಟೀವಿಯಾ, 55, ಕೊನೆಗೆ ಹಾಲು ಚಾಕೊಲೇಟ್. ಮುಗಿದ ಮೇಲೆ ಬಾಯಿ ತೊಳೆದು, ಒಂದಿಷ್ಟು ಹೊತ್ತು ಬಿಟ್ಟು, ಮೊದಲಿನ 75ಕ್ಕೆ ಮರಳಿ. ಆಗ ಅದು ಎಷ್ಟು ಕಹಿಯಾಯಿತು ಎಂಬುದೇ ಹಾಲು ಚಾಕೊಲೇಟ್‌ನ ಸಕ್ಕರೆ ನಿಮ್ಮ ನಾಲಿಗೆಗೆ ಏನು ಮಾಡಿತು ಎಂಬುದಕ್ಕೆ ಸಾಕ್ಷಿ.

ತುಂಡನ್ನು ಕಿವಿಯ ಹತ್ತಿರ ಮುರಿಯಿರಿ. ಸರಿಯಾಗಿ ಹದಗೊಂಡ ಡಾರ್ಕ್ ಚಾಕೊಲೇಟ್ ಚಟ್ ಎನ್ನುತ್ತದೆ, ಮುರಿದ ಅಂಚು ನುಣುಪಾಗಿರುತ್ತದೆ. ಹಾಲು ಹೆಚ್ಚಿದ್ದರೆ ಸದ್ದು ಮೆತ್ತಗೆ, ಅದು ದೋಷವಲ್ಲ. ಮೂಗು ಹಿಡಿದುಕೊಂಡು ತುಂಡನ್ನು ನಾಲಿಗೆಯ ಮೇಲಿಡಿ. ಒಮ್ಮೆ ಕಚ್ಚಿ, ಅಂಗುಳಕ್ಕೆ ಒತ್ತಿ ಹಿಡಿಯಿರಿ, ಅಗಿಯಬೇಡಿ. ಆಗ ಗೊತ್ತಾಗುವುದು ಸಿಹಿ, ಕಹಿ, ಹುಳಿ, ಒಗರು ಇಷ್ಟೇ. ಈಗ ಮೂಗು ಬಿಡಿ: ಘಮ ಒಮ್ಮೆಲೇ ಗಂಟಲ ಹಿಂದಿನಿಂದ ಏರಿ ಬರುತ್ತದೆ. ಹಣ್ಣಿನ ಹುಳಿ ಬಂದರೆ ಅದರ ಬೇರು ಬೀಜ ಹುದುಗಿಸಿದ ದಿನಗಳಲ್ಲಿದೆ. ಕೋಕೋ ಬೀಜವನ್ನು ಬಿಳಿ ತಿರುಳಿನ ಸಮೇತ ಐದಾರು ದಿನ ಹುದುಗಲು ಬಿಡುತ್ತಾರೆ. ಹೊಗೆ ನಾತ ಬಂದರೆ ಒಣಗಿಸುವಾಗ ಬೀಜಕ್ಕೆ ಹೊಗೆ ತಗಲಿರಬಹುದು. ಸೀದ ರುಚಿ ಬಂದರೆ ಹುರಿದದ್ದು ಹೆಚ್ಚಾಗಿದೆ. ಮಳೆಗೆ ಸಿಕ್ಕಿದ ಪಾರ್ಚ್‌ಮೆಂಟ್ ಕಾಫಿಯ (ಒಳಸಿಪ್ಪೆ ತೆಗೆಯದ ಬೀಜದ) ಮುಗ್ಗಲನ್ನು ಕಂಡವರಿಗೆ ಕೋಕೋದ ಮುಗ್ಗಲನ್ನೂ ಗುರುತಿಸುವುದು ಕಷ್ಟವಲ್ಲ. ಸಕ್ಕರೆ ಧಾರಾಳವಾಗಿದ್ದರೆ ಈ ಕುಂದುಗಳೆಲ್ಲ ಮುಚ್ಚಿಹೋಗುತ್ತವೆ, ವೆನಿಲ್ಲಾ ಘಮದ ವೆನಿಲಿನ್ ಸೇರಿದರೆ ಇನ್ನಷ್ಟು. ಸಕ್ಕರೆ ಕಡಿಮೆಯಾದಲ್ಲಿ ಬೀಜದ ಗುಣ ಬಯಲಿಗೆ ಬರುತ್ತದೆ. ಆದ್ದರಿಂದ ಇಂಥ ಚಾಕೊಲೇಟ್‌ಗೆ ‘ಸಿಹಿ ಸಾಲದು’ ಎಂದು ಅಂಕ ಕಳೆಯಬೇಡಿ. ಕೋಕೋ ಶುದ್ಧವಾಗಿದೆಯೇ, ಕಹಿ ಬೇಗ ಇಳಿಯುತ್ತದೆಯೇ, ಕೊನೆಗೆ ಉಳಿಯುವ ರುಚಿ ಹಿತವೇ ಎಂದು ನೋಡಿ ಅಂಕ ಕೊಡಿ.

ಬದಲಿ ಸಿಹಿಗಳ ಗುರುತು ಹಿಡಿಯುವುದು ಈ ಕೆಲಸದ ಅತ್ಯಂತ ಸ್ವಾರಸ್ಯದ ಭಾಗ. ಮಾಲ್ಟಿಟಾಲ್ (ಹೊದಿಕೆಯ ಮೇಲಿನ ಸಂಕೇತ ಸಂಖ್ಯೆ, ಅಂದರೆ ಐಎನ್‌ಎಸ್, 965) ಸಕ್ಕರೆಗೆ ಬಹಳ ಹತ್ತಿರ, ಸಿಹಿಯೂ ಮುಕ್ಕಾಲಿಗೂ ಮೀರಿದಷ್ಟು. ಕಣ್ಣು ಮುಚ್ಚಿ ತಿಂದರೆ ಹಲವರು ಮೋಸಹೋಗುತ್ತಾರೆ. ಆದರೆ ಅದು ರಕ್ತದ ಸಕ್ಕರೆಯನ್ನು ಸ್ವಲ್ಪ ಮಟ್ಟಿಗೆ ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಹೊದಿಕೆಯ ಮೇಲೆ ಆ ಎಚ್ಚರಿಕೆ ಇದ್ದರೆ ಅದು ಸುಮ್ಮನೆ ಬರೆದದ್ದಲ್ಲ. ಎರಿಥ್ರಿಟಾಲ್ (968) ಕರಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಂಡು ಬಾಯಿಗೆ ತಂಪು ಕೊಡುತ್ತದೆ. ನಮ್ಮ ಅತ್ತೆ ಅದನ್ನು ಯಾರೂ ಹೇಳಿಕೊಡದೆಯೇ ಹಿಡಿದರು. ತುಂಡು ಬಾಯಲ್ಲಿಟ್ಟುಕೊಂಡು, ‘ಏನಮ್ಮಾ, ಇದರಲ್ಲಿ ಪೆಪ್ಪರ್‌ಮಿಂಟ್ ಹಾಕಿದ್ದಾರೆಯೇ?’ ಎಂದು ಕೇಳಿದರು. ‘ಇಲ್ಲ ಅತ್ತೆ, ಅದು ಆ ಸಿಹಿಯ ಗುಣ’ ಎಂದೆ. ‘ಹಾಗಾದರೆ ಚಾಕೊಲೇಟ್‌ಗೆ ಹೊಂದುವುದಿಲ್ಲ’ ಎಂದು ತಟ್ಟೆ ಸರಿಸಿದರು. ನನ್ನದೂ ಅದೇ ಅಭಿಪ್ರಾಯ. ಸ್ಟೀವಿಯಾ (960) ಸಿಹಿ ತಡವಾಗಿ ಏರಿ ತಡವಾಗಿ ಇಳಿಯುತ್ತದೆ, ಕೊನೆಗೆ ಜ್ಯೇಷ್ಠಮಧುವಿನ ಛಾಯೆಯೊಂದು ನಿಲ್ಲುತ್ತದೆ. ಕಾಫಿ ಬೆರೆಸಿದ ಡಾರ್ಕ್ ಚಾಕೊಲೇಟ್‌ನಲ್ಲಿ ಆ ಛಾಯೆ ಅಷ್ಟಾಗಿ ಕಾಡುವುದಿಲ್ಲ, ಹಾಲಿನದರಲ್ಲಿ ಎದ್ದು ಕಾಣುತ್ತದೆ. ಸುಕ್ರಲೋಸ್ (955) ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಚಿಟಿಕೆ ಸಾಕಾಗುವುದರಿಂದ ಖಾಲಿಯಾದ ಸಕ್ಕರೆಯ ಜಾಗವನ್ನು ಬೇರೇನಾದರೂ ತುಂಬಬೇಕು. ಆ ಕೆಲಸಕ್ಕೆ ಬರುವ ನಾರುಗಳಲ್ಲಿ ಇನ್ಯುಲಿನ್ ಒಂದು. ಅದನ್ನು ಹೆಚ್ಚಾಗಿ ತೆಗೆಯುವುದು ಚಿಕೋರಿ ಬೇರಿನಿಂದ. ನಾವು ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ! ಹುರಿಯದ ಬೇರಿನಿಂದ ತೆಗೆದ ಇನ್ಯುಲಿನ್‌ಗೆ ಕಾಫಿಯ ಚಿಕೋರಿಯ ಕಹಿಯಿಲ್ಲ, ತಿಳಿ ಸಿಹಿ ಮಾತ್ರ. ಹೆಚ್ಚಾದರೆ ಇದೂ ಹೊಟ್ಟೆಯಲ್ಲಿ ವಾಯು ತುಂಬಿಸುತ್ತದೆ.

ಹೀಗೆ ಹೋಲಿಸಿದ ಮೇಲೆ ನನ್ನ ಒಲವು ಸ್ಪಷ್ಟ: ಬದಲಿ ಸಿಹಿ ತುಂಬಿದ ದೊಡ್ಡ ಬಾರ್‌ಗಿಂತ ನಿಜವಾದ ಸಕ್ಕರೆ ಚೂರೇ ಇರುವ 85, 90ರ ಸಣ್ಣ ತುಂಡು ಮೇಲು. ಲೆಕ್ಕ ನೋಡಿ. ಶೇ. 55ರಷ್ಟು ಸಕ್ಕರೆಯಿರುವ ಹಾಲು ಚಾಕೊಲೇಟ್ 20 ಗ್ರಾಂ ತಿಂದರೆ 11 ಗ್ರಾಂ ಸಕ್ಕರೆ. 85ರದು ಅಷ್ಟೇ ತಿಂದರೆ ಸುಮಾರು 3 ಗ್ರಾಂ. ಕಹಿಯಿರುವುದರಿಂದ ಕೈ ತಾನಾಗಿ ನಿಲ್ಲುತ್ತದೆ ಕೂಡ. ಆದರೆ ಕೊಬ್ಬು ಹೆಚ್ಚಿರುವುದರಿಂದ ಕ್ಯಾಲೊರಿ ಇದರಲ್ಲೇ ಜಾಸ್ತಿ, ತೂಕ ಇಳಿಸುವವರು ಗಮನಿಸಬೇಕು. ದಿನಕ್ಕೆ ಎಷ್ಟು ಎಂಬುದನ್ನು ಅವರವರ ವೈದ್ಯರ ಜೊತೆ ಮಾತನಾಡಿ ನಿರ್ಧರಿಸಿ. ನಾವೂ ಹಾಗೆಯೇ ಮಾಡಿದ್ದು. ಇನ್ನೊಂದು ಮಾತು: ರಕ್ತದ ಸಕ್ಕರೆ ಕುಸಿದು ಬೆವರಿ ನಡುಗುತ್ತಿರುವವರಿಗೆ ಯಾವ ಚಾಕೊಲೇಟನ್ನೂ ಕೊಡಬೇಡಿ. ಅದರ ಕೊಬ್ಬು, ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಪ್ರಜ್ಞೆಯಿದ್ದು ನುಂಗಬಲ್ಲವರಾದರೆ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕೊಡಿ.

ಉಳಿದ ತುಂಡುಗಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಮಸಾಲೆಯಿಂದ ದೂರವಿಡಿ. ಮನೆಯಲ್ಲಿ ನಾಯಿಯಿದ್ದರೆ ಅದಕ್ಕೆ ಎಟುಕದ ಕಡೆ ಇಡಿ. ನಾಯಿಗೆ ಚಾಕೊಲೇಟ್ ವಿಷ, ಕ್ಸೈಲಿಟಾಲ್ (967) ಎಂಬ ಬದಲಿ ಸಿಹಿ ಹಾಕಿದ್ದಂತೂ ಇನ್ನೂ ಅಪಾಯ. ಫ್ರಿಜ್‌ನಲ್ಲಿಟ್ಟಿದ್ದರೆ ಮಳೆಗಾಲದಲ್ಲಿ ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ, ಡಬ್ಬಿ ಕೋಣೆಯ ಬಿಸಿಗೆ ಬರಲಿ. ಇಲ್ಲದಿದ್ದರೆ ತೇವ ಕೂತು ಸಕ್ಕರೆ ಮೇಲೆದ್ದು ಬೆಳ್ಳಗಾಗುತ್ತದೆ. ಬಿಳಿ ಪದರ ಕಂಡರೆ ಬೆರಳಿನಿಂದ ಉಜ್ಜಿ: ಜಿಡ್ಡಾಗಿ ಕರಗಿದರೆ ಕೊಬ್ಬು, ಒರಟಾಗಿ ಉಳಿದರೆ ಸಕ್ಕರೆ. ಎರಡೂ ಬೂಷ್ಟಲ್ಲ, ತಿನ್ನಲು ಅಡ್ಡಿಯಿಲ್ಲ. ಆದರೆ ಮುಂದಿನ ಹೋಲಿಕೆಗೆ ಅದನ್ನು ಇಡಬೇಡಿ. ತುರಿದು ಬಿಸಿ ಹಾಲಿಗೆ ಹಾಕಿಕೊಂಡು ಕುಡಿಯಿರಿ.