ಮೊದಲು ಬೀಗದ ಕೈ, ಆಮೇಲೆ ಕಾಗದ

ರಾಯಚೂರು ರೈಲು ನಿಲ್ದಾಣದ ಹೊರಗೆ ರಾತ್ರಿ ಹತ್ತರ ಮೇಲೆ ಚಾದರ ಹಾಸಿಕೊಂಡವರೆಲ್ಲ ರೈಲಿಗೆ ಕಾಯುವವರಲ್ಲ. ಗುಳೆ ಹೋಗಿ ಬರುವಷ್ಟರಲ್ಲಿ ಮಳೆಗೆ ಗೋಡೆ ಕುಸಿದವರು, ಬಾಡಿಗೆ ಬಾಕಿಯಾಗಿ ಹೊರಬಿದ್ದವರು, ಹೊಡೆತ ತಾಳದೆ ಮಕ್ಕಳನ್ನು ಕರೆದುಕೊಂಡು ಬಂದ ಹೆಂಗಸರು ಅವರಲ್ಲಿರುತ್ತಾರೆ. ನೆರವಾಗಲು ಹೊರಟ ಓಣಿಯ ಸಂಘದವರು ಸಾಮಾನ್ಯವಾಗಿ ಮೊದಲು ಸರ್ಕಾರಿ ಮನೆಗೆ ಅರ್ಜಿ ಬರೆಯಲು ಕೂರುತ್ತಾರೆ. ಬರೆಯಬೇಕಾದದ್ದೇ, ಆದರೆ ಅದು ಕೊನೆಯ ಹಂತ. ಅರ್ಜಿಗೆ ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು. ಈ ಗಾಣ ಸುತ್ತುವಷ್ಟು ಕಾಲ ಮಕ್ಕಳು ಬಯಲಲ್ಲೇ ಇರುತ್ತಾರೆ.

1992ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಸಂಸ್ಥೆ ಈ ಕ್ರಮವನ್ನು ತಲೆಕೆಳಗು ಮಾಡಿತು: ಮೊದಲು ಮನೆ, ಚಿಕಿತ್ಸೆಯೂ ಉದ್ಯೋಗವೂ ಆಮೇಲೆ. ಫಿನ್‌ಲೆಂಡ್ 2008ರಿಂದ ಇದನ್ನೇ ರಾಷ್ಟ್ರನೀತಿಯಾಗಿ ನಡೆಸಿಕೊಂಡು ಬಂದಿದೆ. ಅಮೆರಿಕದಲ್ಲಿ ಕುಟುಂಬಗಳಿಗೆ ಮಾಡುವ ನೆರವಿನಲ್ಲಿ ಮೂರೇ ಕೆಲಸ: ಮನೆ ಹುಡುಕಿಕೊಡುವುದು, ಕೆಲವು ತಿಂಗಳ ಬಾಡಿಗೆಗೆ ಕೈ ಹಚ್ಚುವುದು, ಹೋಗಿ ಬಂದು ವಿಚಾರಿಸುವುದು. ಒಂದು ಓಣಿಯ ಹತ್ತು ಮನೆಯವರು ಸೇರಿದರೆ ಇಲ್ಲಿಯೂ ಇದನ್ನು ಮಾಡಬಹುದು.

ಮೊದಲ ರಾತ್ರಿ

ನಗರದ ವಸತಿರಹಿತರಿಗೆ ಆಶ್ರಯ ಕೇಂದ್ರ ನಡೆಸುವುದು ಸ್ಥಳೀಯ ಆಡಳಿತದ ಹೊಣೆ. ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಇರಬೇಕೆಂಬುದು ನಿಯಮ. ಅಲ್ಲಿ ಒಂದೆರಡು ರಾತ್ರಿ ಕಳೆಯಲಿ. ಗಂಡನನ್ನು ಒಂದು ಕಡೆ, ಹೆಂಡತಿ ಮಕ್ಕಳನ್ನು ಇನ್ನೊಂದು ಕಡೆ ಮಲಗಿಸುವ ವ್ಯವಸ್ಥೆಯಾದರೆ ಅವರು ಹೆಚ್ಚು ದಿನ ನಿಲ್ಲುವುದಿಲ್ಲ. ಹಾಗಾಗಿ ಮರುದಿನ ಬೆಳಿಗ್ಗೆಯೇ ಕೋಣೆ ಹುಡುಕಲು ಹೊರಡಿ.

ಹೊರಡುವ ಮುನ್ನ ದುಡಿಮೆ ಎಲ್ಲಿ ಎಂದು ಕೇಳಿಕೊಳ್ಳಿ. ಗಂಜಿನಲ್ಲಿ, ಅಂದರೆ ದವಸಧಾನ್ಯದ ಮಾರುಕಟ್ಟೆಯಲ್ಲಿ, ಹಮಾಲಿ ಮಾಡುವವನಿಗೆ ಊರಾಚೆ ಅಗ್ಗದ ಕೋಣೆ ಕೊಡಿಸಿದರೆ ಉಳಿಸಿದ ದುಡ್ಡೆಲ್ಲ ಆಟೋದವನ ಜೇಬಿಗೆ ಹೋಗುತ್ತದೆ. 2009ರ ನೆರೆಯ ನಂತರ ಈ ಭಾಗದಲ್ಲಿ ಕಟ್ಟಿಸಿದ ‘ಆಸರೆ’ ಮನೆಗಳಲ್ಲಿ ಎಷ್ಟೋ ಖಾಲಿ ಉಳಿದದ್ದಕ್ಕೆ ಹೊಲ ದೂರವಾದದ್ದೂ ಒಂದು ಕಾರಣ. ಕಲ್ಲಿನ ಮೇಲ್ಛಾವಣಿಯ ಹಳೆಯ ಕೋಣೆಯೇ ಆಗಲಿ, ನಡೆದು ಕೆಲಸಕ್ಕೆ ಹೋಗುವಂತಿರಲಿ. ಪತ್ರಾಸಿನ (ತಗಡಿನ) ಮನೆ ಮಾತ್ರ ಬೇಡ. ಏಪ್ರಿಲ್‌ನ ರಾಯಚೂರಿನಲ್ಲಿ ಮಧ್ಯಾಹ್ನ ಅದರೊಳಗೆ ಕೂಸು ಮಲಗಿಸಲಾಗುವುದಿಲ್ಲ.

ಮಾಲೀಕರ ಮುಂದೆ

ಕಷ್ಟವಿರುವುದು ಇಲ್ಲಿ. ಬಾಡಿಗೆ ಎಷ್ಟು ಎಂದು ನೀವು ಕೇಳುವ ಮೊದಲೇ ‘ಯಾವ ಮಂದಿ?’ ಎಂದು ಅವರು ಕೇಳುತ್ತಾರೆ. ನಾನು ಜೊತೆಗೆ ಹೋದ ಒಂದು ಕುಟುಂಬಕ್ಕೆ ನಾಲ್ಕು ಮನೆಗಳಲ್ಲಿ ‘ಕೋಣೆ ನಿನ್ನೆಯೇ ಹೋಯಿತು’ ಎಂಬ ಒಂದೇ ಉತ್ತರ ಬಂತು. ‘ಬಾಡಿಗೆಗಿದೆ’ ಎಂಬ ಹಲಗೆ ಮಾತ್ರ ಬಾಗಿಲಲ್ಲಿ ತೂಗಾಡುತ್ತಲೇ ಇತ್ತು. ಆ ಪ್ರಶ್ನೆಗೆ ಸುಳ್ಳು ಹೇಳಿ ಕೋಣೆ ಹಿಡಿಯಬೇಡಿ. ತಿಂಗಳೊಳಗೆ ಗೊತ್ತಾಗುತ್ತದೆ, ಹೊರಹಾಕಿಸಿಕೊಳ್ಳುವವರು ನೀವಲ್ಲ, ಅವರು. ವಾದಕ್ಕೆ ನಿಂತರೂ ಅಂದಿನ ರಾತ್ರಿಗೆ ಸೂರು ಸಿಗುವುದಿಲ್ಲ. ಐದನೆಯ ಬಾಗಿಲು ತಟ್ಟಿ, ಮಾತನ್ನು ದುಡ್ಡಿನಿಂದ ಶುರುಮಾಡಿ: ‘ಮೂರು ತಿಂಗಳ ಬಾಡಿಗೆಗೆ ನಾವು ಜಾಮೀನು, ಐದನೇ ತಾರೀಖಿಗೆ ನಿಮ್ಮ ಮೊಬೈಲಿಗೇ ಬರುತ್ತದೆ.’ ಹಿಂದೆ ಬಾಡಿಗೆ ಮುಳುಗಿಸಿಕೊಂಡ ಮಾಲೀಕರು ಈ ಮಾತಿಗೆ ಬೇಗ ಕಿವಿಗೊಡುತ್ತಾರೆ. ಕುಟುಂಬದ ಹೆಂಗಸನ್ನು ಜೊತೆಗೇ ಕರೆದೊಯ್ಯಿರಿ. ನೀರು ಎಷ್ಟು ದಿನಕ್ಕೊಮ್ಮೆ, ಸಂಡಾಸಿಗೆ ಚಿಲಕ ಇದೆಯೇ ಎಂಬುದನ್ನು ಆಕೆಯಷ್ಟು ಚೆನ್ನಾಗಿ ನೀವು ನೋಡಲಾರಿರಿ.

ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಬಾಡಿಗೆ ಮೂರು ಸಾವಿರ, ಅಡ್ವಾನ್ಸ್ ಒಂಬತ್ತು ಸಾವಿರ ಎಂದಿಟ್ಟುಕೊಳ್ಳೋಣ. ಮೊದಲ ತಿಂಗಳು ನೀವು ಪೂರ್ತಿ ಕಟ್ಟಿ, ಎರಡನೆಯದರಲ್ಲಿ ಎರಡು ಸಾವಿರ, ಮೂರನೆಯದರಲ್ಲಿ ಒಂದು ಸಾವಿರ. ಪಾತ್ರೆ, ಒಲೆ, ಚಾಪೆ, ಕೊಡಕ್ಕೆ ಮೂರು ಸಾವಿರ ಸೇರಿಸಿದರೆ ಒಟ್ಟು 18,000. ಹತ್ತು ಮನೆಗೆ ಹಂಚಿದರೆ ತಲಾ 1,800. ಅಡ್ವಾನ್ಸ್ ಮರಳಿದಾಗ ಯಾರಿಗೆ ಸೇರಬೇಕೆಂದು ಅಂದೇ ಬರೆದಿಡಿ. ಇಲ್ಲವಾದರೆ ಜಗಳ ನಿಮ್ಮ ನಿಮ್ಮಲ್ಲೇ ಹುಟ್ಟುತ್ತದೆ.

ಒಳ್ಳೆಯ ಬೀಗವೊಂದನ್ನು ಮರೆಯಬೇಡಿ. ನಾನು ಜೊತೆಗೆ ಹೋಗಿದ್ದ ಕುಟುಂಬಕ್ಕೆ ಕೋಣೆ ಸಿಕ್ಕ ದಿನ ಅಲ್ಲಿನ ತಾಯಿ ಬೀಗ ಹಾಕಿ ಜಗ್ಗಿ ನೋಡಿದಳು, ಅಂಗಳ ದಾಟಿ ಹೋದವಳು ತಿರುಗಿ ಬಂದು ಮತ್ತೆ ಜಗ್ಗಿದಳು. ಎಂಟು ತಿಂಗಳು ಗಂಟುಮೂಟೆಯನ್ನು ತಲೆದಿಂಬಾಗಿಸಿಕೊಂಡು ಮಲಗಿದವಳು.

ಈಗ ಕಾಗದ

ಕರಾರುಪತ್ರವನ್ನು ಸ್ಟಾಂಪ್ ಪೇಪರಿನಲ್ಲಿ ಹನ್ನೊಂದು ತಿಂಗಳಿಗೆ ಬರೆಸಿ. ವರ್ಷ ಮೀರಿದ ಅವಧಿಯಾದರೆ ನೋಂದಣಿ ಕಡ್ಡಾಯ. ಹೆಂಡತಿಯ ಹೆಸರೂ ಅದರಲ್ಲಿರಲಿ.

ಆಧಾರ್ ವಿಳಾಸ ಬದಲಿಸಲು ಹೋದಾಗ ಮೆಣಸಿನಕಾಯಿ ಬಿಡಿಸಿ, ಇಟ್ಟಿಗೆ ಹೊತ್ತು ಸವೆದ ಬೆರಳು ಯಂತ್ರಕ್ಕೆ ಸಿಗುವುದಿಲ್ಲ. ‘ಹೆಬ್ಬೆಟ್ಟು ಬರುತ್ತಿಲ್ಲ’ ಎಂದು ವಾಪಸು ಕಳಿಸಿದರೆ ಕಣ್ಣಿನ ಪಾಪೆಯ ಗುರುತಿನಿಂದ ನೋಡಿ ಎಂದು ಕೇಳಿ. ಪಡಿತರ ಚೀಟಿ ಬೇರೆ ಊರಿನದಾದರೂ ಚಿಂತೆಯಿಲ್ಲ, ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಪಡೆಯಬಹುದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಮೀಟರಿನ ಆರ್‌ಆರ್ ನಂಬರಿಗೆ ಹಿಂದಿನ ಬಾಡಿಗೆದಾರನ ಆಧಾರ್ ಅಂಟಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಬೇಕು. ಮಕ್ಕಳನ್ನು ಮಾತ್ರ ಯಾವ ಕಾಗದಕ್ಕೂ ಕಾಯಿಸಬೇಡಿ. ವಯಸ್ಸಿನ ದಾಖಲೆಯಿಲ್ಲ, ವರ್ಗಾವಣೆ ಪತ್ರ ಬಂದಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆ ಸೇರಿಸಿಕೊಳ್ಳದಿರುವಂತಿಲ್ಲ.

ಸ್ವಂತ ಮನೆಯ ಅರ್ಜಿ ಈಗ ಹಾಕಿ. ಹಳ್ಳಿಗೆ ಮರಳುವವರಾದರೆ ಗ್ರಾಮ ಪಂಚಾಯಿತಿಯಲ್ಲಿ ಹೆಸರು ಬರೆಸಿ, ಗ್ರಾಮಸಭೆಯ ದಿನ ತಪ್ಪದೆ ಹಾಜರಿರಲಿ. ಪಿಎಂ ಆವಾಸ್ ಗ್ರಾಮೀಣದಲ್ಲಿ ಬಯಲುಸೀಮೆಯ ಮನೆಗೆ ಕೇಂದ್ರದ ನಿಯಮದಂತೆ 1.20 ಲಕ್ಷ ರೂಪಾಯಿ ಸಹಾಯಧನ. ಹಣ ಕಂತಿನಲ್ಲಿ ಬರುತ್ತದೆ. ತಳಪಾಯದ ಫೋಟೊ ತೆಗೆಸದೆ ಗೋಡೆ ಏರಿಸಿದರೆ ಕಂತು ನಿಲ್ಲುತ್ತದೆ. ನಗರದಲ್ಲಿ ಅರ್ಜಿ ಪಾಲಿಕೆ ಅಥವಾ ಪುರಸಭೆಗೆ.

ಮೂರು ತಿಂಗಳು, ವಾರಕ್ಕೊಮ್ಮೆ ಹೋಗಿ ಬನ್ನಿ. ಉಪದೇಶ ಬೇಡ, ಚಹಾ ಕೊಟ್ಟರೆ ಕುಡಿಯಿರಿ. ಬಾಡಿಗೆಯ ಮುನ್ನಾ ದಿನ ಮಾತ್ರ ಮರೆಯದೆ ಫೋನ್ ಮಾಡಿ, ಕೂಲಿ ಸಿಗದ ವಾರವಿದ್ದರೆ ಮಾಲೀಕರಿಗೆ ಮೊದಲೇ ತಿಳಿಸಿ. ಹನ್ನೊಂದು ತಿಂಗಳಾಗಿ ಕರಾರನ್ನು ಹೊಸದಾಗಿ ಬರೆಸುವಾಗ ಜಾಮೀನಿನ ಸಾಲಿನಿಂದ ನಿಮ್ಮ ಹೆಸರು ತೆಗೆಸಿ.